ಪರರ ಹಣ ಕಾಯುವ ಕೆಲಸ: ನಾಚಾರಂನ ವಾಣಿಜ್ಯ ವಿದ್ಯಾರ್ಥಿಯ ಮುಂದಿರುವ ಹಾದಿಗಳು

ಹೈದರಾಬಾದಿನ ಪೂರ್ವ ದಿಕ್ಕಿನಲ್ಲಿ, ಹಬ್ಸಿಗುಡ ದಾಟಿ ಮಲ್ಲಾಪುರದ ಕಡೆ ಹೊರಟರೆ ನಾಚಾರಂ ಸಿಗುತ್ತದೆ. ಕೈಗಾರಿಕಾ ವಸಾಹತಿನ ಶೆಡ್ಡುಗಳು, ಇಎಸ್‌ಐ ಆಸ್ಪತ್ರೆ, ಎನ್.ಟಿ. ರಾಮರಾವ್ ಕಟ್ಟಿದ ರಾಮಕೃಷ್ಣ ಸ್ಟುಡಿಯೋ, ಎಚ್‌ಎಂಟಿ ನಗರದ ಓಣಿಗಳು. ಒಂದು ಮಗ್ಗುಲಿಗೆ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಇನ್ನೊಂದು ಮಗ್ಗುಲಿಗೆ ಉಪ್ಪಲ್. ದುಡಿಮೆಗೂ ಓದಿಗೂ ನಡುವೆ ನಿಂತ ಊರು ಇದು. ಇಲ್ಲಿಂದ ದಿನಾ ಕಾಲೇಜಿಗೆ ಹೋಗುವ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ಅವಳ ಮನೆಮಾತು ಬೀದರ್ ಕಡೆಯ ಕನ್ನಡ, ಬೀದಿಯ ಮಾತು ತೆಲುಗು ಮತ್ತು ದಖನಿ, ತರಗತಿಯ ಮಾತು ಇಂಗ್ಲಿಷ್. ಅಂಥ ಮನೆಗಳು ಈ ನಗರದಲ್ಲಿ ಬಹಳ ಇವೆ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಆ ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ ಒಂದೇ: ಮುಂದೇನು?

ಉತ್ತರಗಳಿಗೆ ಬರವಿಲ್ಲ. ದೊಡ್ಡಪ್ಪ "ಸಿಎ ಮಾಡವ್ವ" ಎನ್ನುತ್ತಾರೆ. ಅತ್ತೆ "ಬ್ಯಾಂಕಿನ ಪರೀಕ್ಷಾ ಬರಿ, ಅದೇ ಚಲೊ" ಎನ್ನುತ್ತಾರೆ. ಎದುರು ಮನೆಯವರ ಮಗ ವಿದೇಶಿ ಬ್ಯಾಂಕೊಂದರ ಕಚೇರಿಯಲ್ಲಿದ್ದಾನೆ. ಅವನು ಎಂಬಿಎ ಹೇಳುತ್ತಾನೆ. ತರಗತಿಯ ಗೆಳೆಯ ಫೋನಿನಲ್ಲಿ ಷೇರು ವಹಿವಾಟಿನ ಡಿಮ್ಯಾಟ್ ಖಾತೆ ತೆರೆದು ತೋರಿಸುತ್ತಾನೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವರು ಹೇಳುವುದೆಲ್ಲ ಪರೀಕ್ಷೆಗಳ ಹೆಸರು, ಇಲ್ಲವೇ ಸಂಬಳದ ಅಂಕಿ. ಬೆಳಿಗ್ಗೆ ಹತ್ತಕ್ಕೆ ಆ ಕುರ್ಚಿಯಲ್ಲಿ ಕೂತವರು ಸಂಜೆಯವರೆಗೆ ಏನು ಮಾಡುತ್ತಾರೆ, ಯಾರ ಹಣ ಅವರ ಕೈಯಲ್ಲಿ ಹಾದುಹೋಗುತ್ತದೆ, ಅವರು ತಪ್ಪಿದರೆ ಯಾರಿಗೆ ಪೆಟ್ಟು ಬೀಳುತ್ತದೆ ಎಂಬ ಮಾತು ಅಪರೂಪ. ಹಣಕಾಸಿನ ದಾರಿ ಹುಡುಕುವವರು ಮೊದಲು ಕೇಳಬೇಕಾದದ್ದು ಇದನ್ನೇ. ಕೆಲಸವನ್ನು ಅರಿತರೆ ಪರೀಕ್ಷೆ ತಾನಾಗಿ ಗೊತ್ತಾಗುತ್ತದೆ. ಪರೀಕ್ಷೆಯನ್ನು ಮೊದಲು ಹಿಡಿದರೆ ಎಷ್ಟೋ ವರ್ಷ ಕಳೆದ ಮೇಲೆ ಕೆಲಸ ಒಗ್ಗಲಿಲ್ಲವೆಂದು ತಿಳಿಯುತ್ತದೆ.

ಊರಿನ ಗುಣ

ಹಣಕಾಸು ಓದುವವರಿಗೆ ಹೈದರಾಬಾದ್ ಸಣ್ಣ ಊರಲ್ಲ. ನಿಜಾಮರ ಕಾಲದಲ್ಲಿ, 1941ರಲ್ಲಿ, ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾಯಿತು. ಸಂಸ್ಥಾನದ ಸ್ವಂತ ನಾಣ್ಯವಾದ ಉಸ್ಮಾನಿಯಾ ಸಿಕ್ಕಾದ ವಹಿವಾಟು ನೋಡಿಕೊಳ್ಳುತ್ತಿದ್ದ ಬ್ಯಾಂಕ್ ಅದು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದಿಗೇ ಸೇರಿದ್ದವು. ಆಮೇಲೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದು ಹೆಸರಾದ ಆ ಬ್ಯಾಂಕ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗುವ ತನಕ ಈ ಜಿಲ್ಲೆಗಳ ಎಷ್ಟೋ ರೈತರ, ಮಾಸ್ತರರ ಪಾಸ್‌ಬುಕ್ ಅದರದೇ ಆಗಿತ್ತು. 1943ರಲ್ಲಿ ಇಲ್ಲಿ ಷೇರುಪೇಟೆಯೂ ಶುರುವಾಯಿತು. ದೇಶದ ವಹಿವಾಟೆಲ್ಲ ಮುಂಬೈನ ಕಂಪ್ಯೂಟರ್ ಪರದೆಗೆ ಸರಿದ ಮೇಲೆ 2007ರಲ್ಲಿ ಅದರ ಮಾನ್ಯತೆ ಕೊನೆಗೊಂಡಿತು.

ಹಳೆಯದು ಹೋದಂತೆ ಹೊಸದು ಬಂದಿತು. ರಿಸರ್ವ್ ಬ್ಯಾಂಕ್ 1996ರಲ್ಲಿ ಬ್ಯಾಂಕಿಂಗ್ ತಂತ್ರಜ್ಞಾನದ ಸಂಶೋಧನೆಗೆಂದು ಮಾಸಾಬ್ ಟ್ಯಾಂಕಿನಲ್ಲಿ ಐಡಿಆರ್‌ಬಿಟಿ ಸಂಸ್ಥೆ ತೆರೆಯಿತು. ದೇಶದ ವಿಮಾ ಉದ್ಯಮವನ್ನು ನಿಯಂತ್ರಿಸುವ ಪ್ರಾಧಿಕಾರ 2001ರಲ್ಲಿ ದೆಹಲಿಯಿಂದ ಇಲ್ಲಿಗೆ ಬಂದು ನೆಲೆಸಿತು. ನಗರದ ಪಶ್ಚಿಮಕ್ಕೆ, ಗಚ್ಚಿಬೌಲಿ ಮತ್ತು ನಾನಕ್‌ರಾಮ್‌ಗುಡದ ಬಂಡೆಗಲ್ಲುಗಳ ನಡುವೆ, ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯೇ ಎದ್ದಿತು. ನಾಗೋಲ್‌ನಿಂದ ರಾಯದುರ್ಗಂವರೆಗಿನ ಮೆಟ್ರೊ ನೀಲಿ ಮಾರ್ಗ 2019ರಲ್ಲಿ ಪೂರ್ತಿಯಾದ ಮೇಲೆ, ನಾಚಾರಂನವರು ಹಬ್ಸಿಗುಡ ನಿಲ್ದಾಣದಲ್ಲಿ ಹತ್ತಿ ಒಂದೇ ರೈಲಿನಲ್ಲಿ ಆ ದಿಕ್ಕಿಗೆ ಹೋಗಬಹುದು.

ಹೀಗೆ ನಮ್ಮ ವಿದ್ಯಾರ್ಥಿನಿಗೆ ಹಣಕಾಸಿನ ಜಗತ್ತಿನ ಎರಡು ತುದಿಗಳೂ ಕೈಗೆಟಕುವ ದೂರದಲ್ಲಿವೆ. ಮೆಟ್ರೊದ ಆ ತುದಿಯಲ್ಲಿ ಗಾಜಿನ ಗೋಪುರಗಳು, ಈ ತುದಿಯಲ್ಲಿ ಶೆಡ್ಡುಗಳು. ಎಲ್ಲರ ಕಣ್ಣು ಆ ತುದಿಯ ಮೇಲಿದೆ. ನಾನು ಈ ತುದಿಯಿಂದ ಶುರುಮಾಡುತ್ತೇನೆ.

ಲೆಕ್ಕದ ಹಾದಿ

ನಾಚಾರಂ ಮತ್ತು ಮಲ್ಲಾಪುರದ ಯಾವ ಸಣ್ಣ ಕಾರ್ಖಾನೆಗೆ ಹೋದರೂ ಯಂತ್ರಗಳ ಸದ್ದಿನಾಚೆ ಒಂದು ಸಣ್ಣ ಕೋಣೆ ಇರುತ್ತದೆ. ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದಿಟ್ಟ ಕಂಪ್ಯೂಟರ್, ತಂತಿಗೆ ಚುಚ್ಚಿದ ವೋಚರುಗಳು, ಬೀರುವಿನ ತುಂಬ ಫೈಲುಗಳು. ಅಲ್ಲಿ ಕೂತ ಅಕೌಂಟೆಂಟ್‌ಗೆ ತಿಂಗಳು ಅಂದರೆ ತಾರೀಖುಗಳು. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಯ ಮಾರಾಟದ ವಿವರ ಸಲ್ಲಿಸಬೇಕು. 15ಕ್ಕೆ ಕಾರ್ಮಿಕರ ಪಿಎಫ್ ಮತ್ತು ಇಎಸ್‌ಐ. 20ಕ್ಕೆ ಜಿಎಸ್‌ಟಿ ಕಟ್ಟಿ ಅದರ 3ಬಿ ರಿಟರ್ನ್ ಮುಗಿಸಬೇಕು. ಇದರ ನಡುವೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಹೋಗಬೇಕು. ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಿಂದ ಎಷ್ಟು ಹಣ ತೆಗೆಯಬಹುದು ಎಂಬುದು ಅದರ ಮೇಲೆ ನಿಂತಿದೆ. 15ನೇ ತಾರೀಖು ತಪ್ಪಿದರೆ ತೊಂದರೆ ಬರೀ ಮಾಲೀಕನಿಗಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಇಎಸ್‌ಐ ಕಾರ್ಡು ಹಿಡಿದು ನಿಂತ ಕಾರ್ಮಿಕನಿಗೂ ಅದು ತಟ್ಟಬಹುದು.

ಇಲ್ಲಿ ಪಠ್ಯಪುಸ್ತಕದ ಒಂದೊಂದು ಅಧ್ಯಾಯಕ್ಕೂ ಜೀವ ಬರುತ್ತದೆ. 'ದುಡಿಯುವ ಬಂಡವಾಳ' ಎಂಬ ಪಾಠವನ್ನು ಅರ್ಥಮಾಡಿಸಲು ಶೆಡ್ಡಿನ ಮಾಲೀಕರ ಒಂದು ತಿಂಗಳ ಚಿಂತೆ ಸಾಕು: ಕಚ್ಚಾಮಾಲಿಗೆ ಹಣ ಕೊಟ್ಟಾಗಿದೆ, ಮಾಲು ತಯಾರಾಗಿ ಹೋಗಿದೆ, ಖರೀದಿಸಿದ ದೊಡ್ಡ ಕಂಪನಿ ಹಣ ಕೊಟ್ಟಿಲ್ಲ, ಸಂಬಳದ ದಿನ ಹತ್ತಿರ ಬಂದಿದೆ. ಈ ಸಂಕಟ ನೀಗಲೆಂದೇ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಎಂಬ ನಿಯಮ ಸೇರಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ, ಕೊಡುವ ವರ್ಷದವರೆಗೆ ಆ ಖರ್ಚನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಒಂದು ನಿಯಮದ ಹಿಂದೆ ಎಷ್ಟು ಮನೆಗಳ ಒಲೆ ಇದೆ ಎಂಬುದು ಶೆಡ್ಡಿನಲ್ಲಿ ಕಂಡಷ್ಟು ತರಗತಿಯಲ್ಲಿ ಕಾಣದು.

ಈ ಹಾದಿಯ ದೊಡ್ಡ ಹೆಸರು ಚಾರ್ಟರ್ಡ್ ಅಕೌಂಟೆಂಟ್. 1949ರ ಕಾಯ್ದೆಯಿಂದ ಹುಟ್ಟಿದ ಐಸಿಎಐ ಸಂಸ್ಥೆ ಈ ಪರೀಕ್ಷೆಗಳನ್ನು ನಡೆಸುತ್ತದೆ. ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಮೂರು ಮೆಟ್ಟಿಲು. 2023ರ ಜುಲೈನಿಂದ ಬಂದ ಹೊಸ ಪದ್ಧತಿಯಲ್ಲಿ ಇಂಟರ್‌ಗೆ ಆರು, ಫೈನಲ್‌ಗೆ ಆರು ಪತ್ರಿಕೆ. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್, ಅಂದರೆ ಆಡಿಟರ ಕೈಕೆಳಗಿನ ತರಬೇತಿ, ಎರಡು ವರ್ಷಕ್ಕೆ ಇಳಿಯಿತು. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕ ಪಡೆದವರು ಫೌಂಡೇಷನ್ ಬರೆಯದೆ ನೇರವಾಗಿ ಇಂಟರ್‌ಗೆ ಸೇರಬಹುದು. ಹಾದಿ ಕಡಿದು ಎಂಬುದನ್ನು ಮುಚ್ಚಿಡಬಾರದು. 2024ರ ನವೆಂಬರ್‌ನಲ್ಲಿ ಫೈನಲ್‌ನ ಎರಡೂ ಗುಂಪುಗಳನ್ನು ಒಟ್ಟಿಗೆ ಬರೆದವರಲ್ಲಿ ಪಾಸಾದವರು ಶೇ 13.44 ಮಾತ್ರ. ಉಳಿದವರೆಲ್ಲ ದಡ್ಡರಲ್ಲ. ಅವರಲ್ಲಿ ಬಹಳ ಮಂದಿ ಮತ್ತೆ ಬರೆದು ದಾಟುತ್ತಾರೆ. ದಾಟದವರಿಗೂ ಇಂಟರ್ ಮತ್ತು ಆರ್ಟಿಕಲ್‌ಶಿಪ್ ಮುಗಿಸಿದ ಅನುಭವದ ಮೇಲೆ ಆಡಿಟ್ ಕಚೇರಿಗಳಲ್ಲಿ, ಕಂಪನಿಗಳಲ್ಲಿ ಗೌರವದ ಕೆಲಸ ಸಿಗುತ್ತದೆ. ಮನೆಯವರು ಈ ಮಾತನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಮಕ್ಕಳ ಇರುಳುಗಳು ಹಗುರಾಗುತ್ತವೆ.

ಪಕ್ಕದಲ್ಲಿ ಇನ್ನೆರಡು ಹಾದಿಗಳಿವೆ. ಕಾರ್ಖಾನೆಯ ಒಳಗಿನ ಖರ್ಚನ್ನು ಅಳೆಯುವ ಕಾಸ್ಟ್ ಅಕೌಂಟೆಂಟ್ ವೃತ್ತಿಗೆ 1959ರ ಕಾಯ್ದೆಯ ಬುನಾದಿ ಇದೆ. ಒಂದು ವಸ್ತು ತಯಾರಾಗಲು ಎಷ್ಟು ವಿದ್ಯುತ್, ಎಷ್ಟು ಆಳು, ಎಷ್ಟು ವ್ಯರ್ಥ ಎಂದು ಕೇಳುವ ಕುತೂಹಲವಿದ್ದವರಿಗೆ, ಅದರಲ್ಲೂ ನಾಚಾರಂನಂಥ ಊರಿನವರಿಗೆ, ಇದು ಒಗ್ಗುತ್ತದೆ. ಕಾನೂನು ಮತ್ತು ಬರವಣಿಗೆಯ ಕಡೆ ಒಲವಿದ್ದವರಿಗೆ 1980ರ ಕಾಯ್ದೆಯ ಕಂಪನಿ ಸೆಕ್ರೆಟರಿ ಹಾದಿ.

ಲೆಕ್ಕದ ಕೋಣೆಯಲ್ಲಿ ಹಿರಿಯರು ಕಿರಿಯರಿಗೆ ಮೊದಲು ಹೇಳುವ ಪಾಠ ಒಂದು ರೂಪಾಯಿಯದು. ತಾಳೆಪಟ್ಟಿಯಲ್ಲಿ ಒಂದೇ ರೂಪಾಯಿ ವ್ಯತ್ಯಾಸ ಬಂದರೂ ಬಿಡಬಾರದು. ಏಕೆಂದರೆ ಅದು ಒಂದು ರೂಪಾಯಿಯ ತಪ್ಪೇ ಆಗಿರಬೇಕಿಲ್ಲ. ಒಂದು ಕಡೆ ಐವತ್ತು ಸಾವಿರ ಹೆಚ್ಚಾಗಿ, ಇನ್ನೊಂದು ಕಡೆ 49,999 ಹೆಚ್ಚಾಗಿ, ಅವೆರಡೂ ಆ ಒಂದು ರೂಪಾಯಿಯ ಹಿಂದೆ ಅಡಗಿರಬಹುದು. ಈ ಪಾಠ ಮುಂದೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ.

ಬ್ಯಾಂಕಿನ ಹಾದಿ

ಕನ್ನಡದ ಮನೆಗಳಲ್ಲಿ ಬ್ಯಾಂಕ್ ಕೆಲಸಕ್ಕೆ ಇರುವ ಮರ್ಯಾದೆ ಸುಮ್ಮನೆ ಬಂದದ್ದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿಗೆ ಬೀಜ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್ ಬಂದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಿಂದ ಹಣ ಕೂಡಿಸಿದರು. ಬಡವರ ಕೈಯ ಚಿಲ್ಲರೆಗೂ ಬ್ಯಾಂಕಿನಲ್ಲಿ ಜಾಗವಿದೆ ಎಂದು ಅದು ತೋರಿಸಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ, ಮಚಲೀಪಟ್ಟಣದಲ್ಲಿ 1923ರಲ್ಲಿ ಭೋಗರಾಜು ಪಟ್ಟಾಭಿ ಸೀತಾರಾಮಯ್ಯ ಅವರು ಹುಟ್ಟುಹಾಕಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಒಂದಾದವು. ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ ಸೇರಿತು. ಹೈದರಾಬಾದಿನ ಕನ್ನಡದ ಹುಡುಗಿ ಇಂದು ಯೂನಿಯನ್ ಬ್ಯಾಂಕಿನ ಶಾಖೆಯಲ್ಲಿ ಕೂತರೆ ಅವಳ ಮೇಜಿನ ಕೆಳಗೆ ಎರಡು ಭಾಷೆಗಳ ಬ್ಯಾಂಕಿಂಗ್ ಚರಿತ್ರೆ ಇರುತ್ತದೆ.

ಸಾರ್ವಜನಿಕ ಬ್ಯಾಂಕುಗಳ ಬಾಗಿಲು ಇಂದು ಹೆಚ್ಚಾಗಿ ಅವಕ್ಕೆಲ್ಲ ಒಟ್ಟಾಗಿ ನಡೆಯುವ ಐಬಿಪಿಎಸ್ ಪರೀಕ್ಷೆಯಿಂದ ತೆರೆಯುತ್ತದೆ. ಸ್ಟೇಟ್ ಬ್ಯಾಂಕ್ ತನ್ನದೇ ಪರೀಕ್ಷೆ ನಡೆಸುತ್ತದೆ. ಯಾವ ಪದವಿಯಾದರೂ ನಡೆಯುತ್ತದೆ. ಪ್ರೊಬೇಷನರಿ ಆಫೀಸರ್ ಹುದ್ದೆಗೆ 20ರಿಂದ 30, ಗುಮಾಸ್ತ ಹುದ್ದೆಗೆ 20ರಿಂದ 28 ವರ್ಷ. ಮೀಸಲಾತಿಗೆ ತಕ್ಕ ಸಡಿಲಿಕೆ ಉಂಟು. ಆಫೀಸರಾದವರು ದೇಶದ ಯಾವ ಮೂಲೆಗೂ ವರ್ಗವಾಗಲು ಸಿದ್ಧರಿರಬೇಕು. ಇನ್ನೂ ಎತ್ತರಕ್ಕೆ ನೋಡುವವರಿಗೆ ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆ ಇದೆ. ಅಲ್ಲಿ ಅರ್ಥಶಾಸ್ತ್ರವನ್ನು ಬಾಯಿಪಾಠದಿಂದ ದಾಟಲಾಗದು.

ಗುಮಾಸ್ತ ಹುದ್ದೆಗೆ ಒಂದು ಷರತ್ತಿದೆ, ಹೊರನಾಡಿನ ಕನ್ನಡಿಗರು ಅದನ್ನು ಚೆನ್ನಾಗಿ ಗಮನಿಸಬೇಕು. ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತಾರೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಬರಬೇಕು. ಗ್ರಾಮೀಣ ಬ್ಯಾಂಕುಗಳಲ್ಲೂ ಸ್ಥಳೀಯ ಭಾಷೆ ಕೇಳುತ್ತಾರೆ. ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿ ಬಳ್ಳಾರಿಯಿಂದ ನಡೆಯುತ್ತಿವೆ. ತೆಲುಗನ್ನು ಶಾಲೆಯಲ್ಲಿ ಓದಿ, ಕನ್ನಡವನ್ನು ಮನೆಯಲ್ಲಿ ಮಾತಾಡುವ ಹುಡುಗಿಗೆ ಎರಡು ರಾಜ್ಯಗಳ ಬಾಗಿಲು ತೆರೆಯಬೇಕು ನ್ಯಾಯವಾಗಿ. ಆದರೆ ಹೈದರಾಬಾದಿನ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಗರದ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಕಟ್ಟಿದ ಹಿರಿಯರು ಈ ಅಕ್ಷರಕ್ಕಾಗಿಯೇ ದುಡಿದರು. ಅಜ್ಜಿಯ ಹತ್ತಿರ ಮೂರು ತಿಂಗಳು ಕೂತರೆ ಕೈಗೆ ಬರುವ ವಿದ್ಯೆ ಇದು. ಅಜ್ಜಿಗೂ ಅದರಿಂದ ಸಂತೋಷ, ಮೊಮ್ಮಗಳಿಗೂ ಇನ್ನೊಂದು ರಾಜ್ಯದ ಅರ್ಜಿ ಹಾಕುವ ಹಕ್ಕು.

ಬ್ಯಾಂಕಿನ ಕೆಲಸ ಎಂದರೆ ಕೌಂಟರು ಅಂದುಕೊಂಡವರು ಒಂದು ದಿನ ಸಾಲದ ವಿಭಾಗದಲ್ಲಿ ಕೂತು ನೋಡಬೇಕು. ಎದುರಿಗೆ ಬಂದವರ ಕಾಗದ ಓದುವಷ್ಟೇ ಮುಖ್ಯ ಅವರ ಕಸುಬನ್ನು ಓದುವುದು. ಕೊಡಬಾರದವರಿಗೆ ಸಾಲ ಕೊಟ್ಟರೆ ಠೇವಣಿದಾರರ ಹಣ ಮುಳುಗುತ್ತದೆ. ಕೊಡಬೇಕಾದವರಿಗೆ ಕೊಡದಿದ್ದರೆ ಒಂದು ಉದ್ಯಮ ಹುಟ್ಟುವ ಮೊದಲೇ ಸಾಯುತ್ತದೆ. ಜನರೊಡನೆ ಬೆರೆಯುವ, ಮಾತಿನ ಹಿಂದಿನ ಮಾತು ಕೇಳಿಸಿಕೊಳ್ಳುವ ಸ್ವಭಾವವಿದ್ದವರಿಗೆ ಈ ಹಾದಿ.

ಗಾಜಿನ ಕಟ್ಟಡಗಳ ಹಾದಿ

ಈಗ ಮೆಟ್ರೊದ ಆ ತುದಿ. ಡಿ.ಇ. ಶಾ 1996ರಿಂದ ಇಲ್ಲಿದೆ. ವೆಲ್ಸ್ ಫಾರ್ಗೊ, ಜೆ.ಪಿ. ಮಾರ್ಗನ್, ಸ್ಟೇಟ್ ಸ್ಟ್ರೀಟ್, ಫ್ರಾಂಕ್ಲಿನ್ ಟೆಂಪಲ್‌ಟನ್, ಇನ್ವೆಸ್ಕೊ, ಫ್ಯಾಕ್ಟ್‌ಸೆಟ್, ಡೆಲಾಯ್ಟ್ ಕಚೇರಿಗಳಿವೆ. ಗೋಲ್ಡ್‌ಮನ್ ಸ್ಯಾಕ್ಸ್ 2021ರಲ್ಲಿ ಬಂತು. ಎಲ್ಲದಕ್ಕೂ ಪಶ್ಚಿಮಕ್ಕೇ ಹೋಗಬೇಕೆಂದಿಲ್ಲ. ನಾಚಾರಂನ ಪಕ್ಕದ ಉಪ್ಪಲ್‌ನಲ್ಲೇ ಜೆನ್‌ಪ್ಯಾಕ್ಟ್‌ನ ದೊಡ್ಡ ಆವರಣವಿದೆ. ಹೊರದೇಶದ ಕಂಪನಿಗಳ ಲೆಕ್ಕಪತ್ರ ನೋಡುವುದು ಅದರ ಮುಖ್ಯ ಕಸುಬುಗಳಲ್ಲಿ ಒಂದು.

ಇಂಥ ಕಚೇರಿಗಳಲ್ಲಿ ಹೊಸ ಬಿ.ಕಾಂ. ಪದವೀಧರರು ಮಾಡುವ ಕೆಲಸಕ್ಕೆ ಒಂದು ಉದಾಹರಣೆ: ಅಮೆರಿಕದ ಮ್ಯೂಚುವಲ್ ಫಂಡೊಂದರ ದಿನದ ಬೆಲೆ ಲೆಕ್ಕ ಹಾಕುವುದು. ನ್ಯೂಯಾರ್ಕಿನ ಪೇಟೆ ಮುಚ್ಚುವುದು ನಮ್ಮ ಗಡಿಯಾರದಲ್ಲಿ ನಡುರಾತ್ರಿ ದಾಟಿದ ಮೇಲೆ. ಫಂಡಿನಲ್ಲಿರುವ ಪ್ರತಿ ಷೇರಿನ ಬೆಲೆ ಬರಬೇಕು, ಡಿವಿಡೆಂಡ್ ಸೇರಬೇಕು, ಖರ್ಚು ಕಳೆಯಬೇಕು, ಒಂದು ಪುಸ್ತಕ ಇನ್ನೊಂದರ ಜೊತೆ ತಾಳೆಯಾಗಬೇಕು. 2024ರ ಮೇ 28ರಿಂದ ಅಮೆರಿಕದಲ್ಲೂ ವಹಿವಾಟಿನ ಮರುದಿನವೇ ಹಣ-ಷೇರು ಕೈಬದಲಾಗಬೇಕೆಂಬ ನಿಯಮ ಬಂತು. ಭಾರತದಲ್ಲಿ ಅದು 2023ರ ಜನವರಿಗೇ ಪೂರ್ತಿ ಜಾರಿಯಾಗಿತ್ತು. ತಪ್ಪು ತಿದ್ದಲು ಸಿಗುತ್ತಿದ್ದ ಬಿಡುವು ಹೀಗೆ ಕಿರಿದಾಗಿದೆ. ಗ್ರಾಹಕರ ಗುರುತು ಪರಿಶೀಲನೆ, ಕಪ್ಪುಹಣದ ಜಾಡು ಹಿಡಿಯುವುದು, ಸಾಲದ ಅಪಾಯ ಅಳೆಯುವುದು ಇನ್ನುಳಿದ ವಿಭಾಗಗಳು.

ಸಂಬಳ, ಕ್ಯಾಬು, ಶುಭ್ರವಾದ ಕಟ್ಟಡ ಎಲ್ಲ ನಿಜ. ರಾತ್ರಿಪಾಳಿಯೂ ನಿಜ, ಒಂದು ದೊಡ್ಡ ಸರಪಳಿಯ ಒಂದೇ ಕೊಂಡಿಯನ್ನು ವರ್ಷಗಟ್ಟಲೆ ಹಿಡಿದು ಕೂರುವ ಅಪಾಯವೂ ನಿಜ. ಸಾಲಿಗೆ ಸಾಲು ತಾಳೆ ಹಾಕುವ ಕೆಲಸವನ್ನು ತಂತ್ರಾಂಶ ದಿನದಿನಕ್ಕೆ ಕಿತ್ತುಕೊಳ್ಳುತ್ತಿದೆ. ಮನುಷ್ಯರಿಗೆ ಉಳಿಯುವುದು ತಾಳೆಯಾಗದೆ ಉಳಿದ ಸಾಲುಗಳು. ಅವು ಏಕೆ ತಾಳೆಯಾಗಲಿಲ್ಲ ಎಂದು ಹೇಳಬಲ್ಲವರು ಅಲ್ಲಿ ಬೆಳೆಯುತ್ತಾರೆ. ಅದಕ್ಕೆ ಎಕ್ಸೆಲ್ ಮತ್ತು ಸ್ವಲ್ಪ ಕೋಡಿಂಗ್ ಬೇಕು. ಅದಕ್ಕಿಂತ ಮುಂಚೆ ಜಮಾ-ಖರ್ಚಿನ ಮೂಲ ಗಟ್ಟಿಯಿರಬೇಕು. ನಾಚಾರಂನ ಶೆಡ್ಡಿನಲ್ಲಿ ಒಂದು ವ್ಯಾಪಾರದ ಲೆಕ್ಕವನ್ನು ಹುಟ್ಟಿನಿಂದ ಕೊನೆಯವರೆಗೆ ಕಂಡವರಿಗೆ ಆ ಕೊಂಡಿ ಸರಪಳಿಯ ಎಲ್ಲಿ ಕೂರುತ್ತದೆ ಎಂಬುದು ತಿಳಿದಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಸರ್ಕಾರವೂ ಬ್ಯಾಂಕಿಂಗ್, ಹಣಕಾಸು, ವಿಮೆ ಕ್ಷೇತ್ರಕ್ಕೆ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಕೌಶಲ್ಯ ಕಾರ್ಯಕ್ರಮ ಶುರುಮಾಡಿತು. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ಪ್ರಾಂಶುಪಾಲರನ್ನು ಕೇಳಲು ಸಂಕೋಚ ಬೇಡ.

ಮಾರುಕಟ್ಟೆಯ ಹಾದಿ, ಮಾರುಕಟ್ಟೆಯ ಮೋಹ

ಕಂಪನಿಗಳನ್ನು ಅಭ್ಯಾಸ ಮಾಡಿ ಅವುಗಳ ಬೆಲೆ ಕಟ್ಟುವ ವಿಶ್ಲೇಷಕರ ಕೆಲಸಕ್ಕೆ ಜಗತ್ತಿನಾದ್ಯಂತ ಗೌರವವಿರುವ ಬಿರುದು ಅಮೆರಿಕದ ಸಿಎಫ್‌ಎ. ಮೂರು ಹಂತದ ಪರೀಕ್ಷೆ, ಅದರ ಮೇಲೆ 4,000 ಗಂಟೆಗಳ ಕೆಲಸದ ಅನುಭವ. ಒಂದೊಂದು ಹಂತಕ್ಕೂ ಡಾಲರ್ ಲೆಕ್ಕದ ದುಬಾರಿ ಶುಲ್ಕ. ಈ ವಿಚಾರದಲ್ಲಿ ಹೈದರಾಬಾದಿಗೆ ತನ್ನದೇ ಚರಿತ್ರೆಯಿದೆ. ಎನ್.ಜೆ. ಯಶಸ್ವಿ ಅವರು 1984ರಲ್ಲಿ ಇಲ್ಲಿ ಇಕ್ಫಾಯ್ ಸಂಸ್ಥೆ ಕಟ್ಟಿ, ಹಣಕಾಸು ವಿಶ್ಲೇಷಣೆ ಎಂಬ ವಿಷಯವನ್ನೇ ಸಾವಿರಾರು ಮಧ್ಯಮವರ್ಗದ ಮಕ್ಕಳಿಗೆ ಪರಿಚಯಿಸಿದರು. ಆ ಸಂಸ್ಥೆಯ ಸಿಎಫ್‌ಎ ಬಿರುದಿಗೂ ಅಮೆರಿಕದ ಬಿರುದಿಗೂ ಹೆಸರಿನ ವ್ಯಾಜ್ಯ ಹುಟ್ಟಿ ನ್ಯಾಯಾಲಯದವರೆಗೆ ಹೋಯಿತು. ಇದರಿಂದ ಕಲಿಯಬೇಕಾದದ್ದು ಇಷ್ಟು: ಅಕ್ಷರಗಳು ಒಂದೇ ಆಗಿದ್ದರೂ ಕೊಡುವವರು ಯಾರು, ಕೆಲಸ ಕೊಡುವವರು ಯಾವುದನ್ನು ಒಪ್ಪುತ್ತಾರೆ ಎಂದು ಸೇರುವ ಮೊದಲೇ ಕೇಳಬೇಕು.

ಕಡಿಮೆ ಖರ್ಚಿನ ಬಾಗಿಲೂ ಇದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2006ರಲ್ಲಿ ಸ್ಥಾಪಿಸಿದ ಎನ್‌ಐಎಸ್‌ಎಂ ನಡೆಸುವ ಪರೀಕ್ಷೆಗಳನ್ನು ಪದವಿ ಓದುತ್ತಲೇ ಬರೆಯಬಹುದು. ಮ್ಯೂಚುವಲ್ ಫಂಡ್ ವಿತರಣೆ, ಸಂಶೋಧನಾ ವಿಶ್ಲೇಷಣೆ, ಹೂಡಿಕೆ ಸಲಹೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಪ್ರಮಾಣಪತ್ರ. ಈ ಕ್ಷೇತ್ರ ತನಗೆ ಹಿಡಿಸುತ್ತದೆಯೇ ಎಂದು ಅರಿಯಲು ಇದು ಒಳ್ಳೆಯ ಮೊದಲ ಹೆಜ್ಜೆ.

ಆದರೆ ಗೆಳೆಯನ ಫೋನಿನ ಡಿಮ್ಯಾಟ್ ಖಾತೆ ಬೇರೆಯೇ ಸಂಗತಿ. ಷೇರುಗಳ ಮುಂದಿನ ಬೆಲೆಯ ಮೇಲೆ ಹಣ ಹೂಡುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಟವನ್ನು ವೃತ್ತಿ ಎಂದು ನಂಬಿಸುವವರು ಈಗ ಬಹಳ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಇದಕ್ಕಿಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕಾಲೇಜಿನ ಶುಲ್ಕಕ್ಕೆ ಅಪ್ಪ ಕೊಟ್ಟ ಹಣ ಅದರಲ್ಲಿ ಸೇರದಿರಲಿ ಎಂಬುದು ನನ್ನ ಕಳಕಳಿಯ ಬೇಡಿಕೆ. ಪೇಟೆಯನ್ನು ಅಭ್ಯಾಸ ಮಾಡುವುದು ಹಣಕಾಸಿನ ಓದು. ಸಾಲ ತಂದು ಆಡುವುದು ಓದಲ್ಲ.

ಕಡಿಮೆ ಜನ ನಡೆಯುವ ಹಾದಿ

ಗಣಿತದಲ್ಲಿ ನಿಜವಾದ ಪ್ರೀತಿ ಇರುವವರ ಗಮನಕ್ಕೆ ಒಂದು ಮಾತು. ವಿಮೆಯ ನಿಯಂತ್ರಕರು ಇದೇ ಊರಿನಲ್ಲಿದ್ದೂ ಇಲ್ಲಿನ ವಿದ್ಯಾರ್ಥಿಗಳು ವಿಮೆ ಎಂದರೆ ಪಾಲಿಸಿ ಮಾರುವ ಏಜೆಂಟರೆಂದೇ ತಿಳಿಯುತ್ತಾರೆ. ಪ್ರೀಮಿಯಂ ಎಷ್ಟಿರಬೇಕು, ಮೂವತ್ತು ವರ್ಷಗಳಾಚೆ ಬರುವ ಕ್ಲೇಮಿಗೆ ಇವತ್ತು ಎಷ್ಟು ಹಣ ತೆಗೆದಿಡಬೇಕು ಎಂದು ಲೆಕ್ಕ ಹಾಕುವವರು ಆಕ್ಚುಯರಿಗಳು. 2006ರ ಕಾಯ್ದೆಯ ಕೆಳಗೆ ಇರುವ ಅವರ ಸಂಸ್ಥೆ ಎಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತದೆ. ಹಾದಿ ಉದ್ದ, ನಡೆದವರು ಕಡಿಮೆ. ಸಂಖ್ಯಾಶಾಸ್ತ್ರ ಓದುತ್ತಿರುವ ಬಿ.ಎಸ್ಸಿ. ಮಕ್ಕಳೂ ಇಲ್ಲಿಗೆ ಬರಬಹುದು. ಹಣಕಾಸಿಗೆ ಬರಲು ಬಿ.ಕಾಂ. ಒಂದೇ ಬಾಗಿಲಲ್ಲ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಕೆ.ವಿ. ಕಾಮತ್ ಅವರು 1971ರಲ್ಲಿ ಐಸಿಐಸಿಐ ಸೇರಿ, ಮುಂದೆ ಅದನ್ನು ಮುನ್ನಡೆಸಿ, ಬ್ರಿಕ್ಸ್ ದೇಶಗಳ ಬ್ಯಾಂಕಿಗೆ ಮೊದಲ ಅಧ್ಯಕ್ಷರಾದರು.

ಈ ಊರು ಕಲಿಸಿದ ಎರಡು ಪಾಠ

ಹೈದರಾಬಾದಿನಲ್ಲಿ ಹಣಕಾಸು ಓದುವವರು ಎರಡು ದಿನಾಂಕಗಳನ್ನು ಮರೆಯಬಾರದು. 2009ರ ಜನವರಿ 7ರಂದು ಇಲ್ಲಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗರಾಜು ತಮ್ಮ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಬ್ಯಾಂಕನ್ನೇ ನೇರವಾಗಿ ಕೇಳಿ ತಿಳಿಯುವುದು ಆರ್ಟಿಕಲ್‌ಶಿಪ್‌ನ ಹುಡುಗನಿಗೂ ಕಲಿಸುವ ಪಾಠ. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಎರಡನೆಯದು 2019ರ ನವೆಂಬರ್ 22. ಗ್ರಾಹಕರ ಷೇರುಗಳನ್ನು ಒತ್ತೆಯಿಟ್ಟು ದುರ್ಬಳಕೆ ಮಾಡಿದ ಕಾರಣಕ್ಕೆ ಇಲ್ಲಿನದೇ ಕಾರ್ವಿ ಸ್ಟಾಕ್ ಬ್ರೋಕಿಂಗ್ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ಸೆಬಿ ತಡೆದ ದಿನ. ಆಮೇಲೆ ನಿಯಮಗಳು ಬಿಗಿಯಾದವು. 2020ರ ಸೆಪ್ಟೆಂಬರ್‌ನಿಂದ ಗ್ರಾಹಕರ ಷೇರು ಅವರ ಖಾತೆಯಲ್ಲೇ ಉಳಿದು ಒತ್ತೆಯಾಗುವ ವ್ಯವಸ್ಥೆ ಬಂತು.

ಎರಡೂ ಕಡೆ ಅಧಿಕಾರದಲ್ಲಿದ್ದವರಿಗೆ ಬುದ್ಧಿ ಕಡಿಮೆಯಿರಲಿಲ್ಲ, ಓದು ಕಡಿಮೆಯಿರಲಿಲ್ಲ. ತಮ್ಮ ಕೈಯಲ್ಲಿರುವುದು ಪರರ ಹಣ ಎಂಬ ಎಚ್ಚರ ತಪ್ಪಿತ್ತು. ಆ ಎಚ್ಚರದ ಹಳೆಯ ಕಥೆಯೊಂದು ಹತ್ತಿರದಲ್ಲೇ ಇದೆ. ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಬಸವಕಲ್ಯಾಣ ಸಿಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಬಿಜ್ಜಳನ ಬೊಕ್ಕಸಕ್ಕೆ ಬಸವಣ್ಣನವರು ಭಂಡಾರಿ. ಅವರು ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು, ಬಿಜ್ಜಳ ಬಂದು ಬೊಕ್ಕಸ ತೆರೆಸಿ ಎಣಿಸಿದಾಗ ಲೆಕ್ಕ ಸರಿಯಾಗಿತ್ತು ಎಂದು ಪುರಾಣಗಳು ಕಥೆ ಹೇಳುತ್ತವೆ. ಯಾವ ಗಳಿಗೆಯಲ್ಲಿ ಬಂದು ತೆರೆದರೂ ಲೆಕ್ಕ ಸರಿಯಿರಬೇಕು ಎಂಬುದಕ್ಕಿಂತ ದೊಡ್ಡ ಆಡಿಟ್ ಸೂತ್ರವನ್ನು ನಾನು ಎಲ್ಲೂ ಓದಿಲ್ಲ.

ತೀರ್ಮಾನಿಸುವುದು ಹೇಗೆ

ಹಾಗಾದರೆ ನಮ್ಮ ವಿದ್ಯಾರ್ಥಿನಿ ಏನು ಮಾಡಬೇಕು? ಮೊದಲನೆಯದು, ಮನೆಯ ಶಕ್ತಿಯನ್ನು ಮನೆಯವರ ಜೊತೆ ಕೂತು ಮಾತಾಡಬೇಕು. ಎಷ್ಟು ವರ್ಷ ಸಂಬಳವಿಲ್ಲದೆ ಓದಬಹುದು, ಎಷ್ಟು ಸಲ ಪರೀಕ್ಷೆ ಬರೆಯಬಹುದು ಎಂಬ ಗಡಿಯನ್ನು ಮೊದಲೇ ಹಾಕಿಕೊಂಡರೆ ಸೋಲು ಅವಮಾನವಾಗುವುದಿಲ್ಲ. ಎರಡನೆಯದು, ಕೆಲಸ ಗ್ಯಾರಂಟಿ ಎಂದು ಬರೆದು ಲಕ್ಷಗಟ್ಟಲೆ ಶುಲ್ಕ ಕೇಳುವ ಯಾವ ಕೋರ್ಸಿಗೂ, ಅಲ್ಲಿ ಹೋದ ವರ್ಷ ಓದಿದ ಮೂರು ಜನರೊಡನೆ ಮಾತಾಡದೆ ಹಣ ಕಟ್ಟಬಾರದು. ಮೂರನೆಯದು, ಪದವಿಯನ್ನು ಹಗುರವಾಗಿ ನೋಡಬಾರದು. ಉಳಿದೆಲ್ಲ ಪರೀಕ್ಷೆ ಕೈಕೊಟ್ಟರೂ ನಿಲ್ಲುವ ನೆಲ ಅದು. ನಾಲ್ಕನೆಯದು, ಓದು ಮುಗಿಯಿತು ಎಂದುಕೊಳ್ಳಬಾರದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುವಂತೆ ಸಂಸತ್ತು ತೀರ್ಮಾನಿಸಿತು. ಸೆಕ್ಷನ್ ಸಂಖ್ಯೆಗಳನ್ನು ಉರು ಹೊಡೆದವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ತೆರಿಗೆಯ ತರ್ಕ ಅರಿತವರು ಹೊಸ ಸಂಖ್ಯೆಗಳನ್ನು ಕಲಿತರೆ ಸಾಕು.

ಐದನೆಯದು ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಬರುವ ರಜೆಯಲ್ಲಿ ಮನೆಯ ಹತ್ತಿರದ ಯಾವುದಾದರೂ ಶೆಡ್ಡಿನ ಅಕೌಂಟೆಂಟ್ ಹತ್ತಿರ, ಇಲ್ಲವೇ ಪಕ್ಕದ ರಸ್ತೆಯ ಆಡಿಟರ ಕಚೇರಿಗೆ ಹೋಗಿ, "ಸರ್, ಒಂದು ತಿಂಗಳು ನಿಮ್ಮ ಪಕ್ಕ ಕೂತು ನೋಡಬಹುದಾ?" ಎಂದು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ವೋಚರ್ ಜೋಡಿಸಲು ಅವರಿಗೂ ಒಂದು ಕೈ ಬೇಕಿರುತ್ತದೆ. 7, 11, 15, 20, ಒಂದೊಂದು ತಾರೀಖೂ ಹೇಗೆ ಬಂದು ಹೋಗುತ್ತದೆ ನೋಡಿ. ಮಾಲೀಕರು ಬ್ಯಾಂಕ್ ಮ್ಯಾನೇಜರೊಡನೆ ಮಾತಾಡುವುದನ್ನು ಕೇಳಿಸಿಕೊಳ್ಳಿ. ಆ ಮಾತು ನಿಮ್ಮ ಮನಸ್ಸನ್ನು ಹಿಡಿದರೆ ಬ್ಯಾಂಕಿನ ಹಾದಿ ನೋಡಿ. ಈ ವ್ಯಾಪಾರ ಐದು ವರ್ಷಕ್ಕೆ ಎಲ್ಲಿ ಮುಟ್ಟೀತು ಎಂಬ ಯೋಚನೆ ಬಂದರೆ ವಿಶ್ಲೇಷಣೆಯ ಹಾದಿ. ಈ ಶೆಡ್ಡಿಗೆ ಬೆಂಕಿ ಬಿದ್ದರೆ ಏನು ಗತಿ ಎಂದು ಲೆಕ್ಕ ಹಾಕತೊಡಗಿದರೆ ವಿಮೆಯ ಹಾದಿ. ಹಾಗಲ್ಲದೆ, ಇಪ್ಪತ್ತನೇ ತಾರೀಖಿನ ಸಂಜೆ ಎಲ್ಲರೂ ಮನೆಗೆ ಹೊರಟಾಗ ತಾಳೆಪಟ್ಟಿಯಲ್ಲಿ ಇನ್ನೂ ಒಂದು ರೂಪಾಯಿ ಉಳಿದಿದ್ದು, ಅದು ಎಲ್ಲಿಂದ ಬಂತೆಂದು ತಿಳಿಯದೆ ಕುರ್ಚಿಯಿಂದ ಏಳಲು ನಿಮಗೆ ಮನಸ್ಸು ಬಾರದಿದ್ದರೆ, ದೊಡ್ಡಪ್ಪ ಹೇಳಿದ್ದೇ ಸರಿ: ಸಿಎ ಮಾಡವ್ವ.